ಆಕಾಶಕ್ಕೆ ಕಿವಿಗೊಟ್ಟ ರಾಧಾಕೃಷ್ಣನ್

ಆಕಾಶವನ್ನು ನೋಡುವುದು ಕಣ್ಣಿನ ಕೆಲಸವೆಂದು ನಾವೆಲ್ಲರೂ ನಂಬಿ ಬಂದಿದ್ದೇವೆ. ಚಂದ್ರನನ್ನು ತೋರಿಸಿ ಕೂಸಿಗೆ ತುತ್ತುಣಿಸುವ ತಾಯಿಯಿಂದ ಹಿಡಿದು ಗ್ರಹಣದ ಕಾಲವನ್ನು ಗುಣಿಸುವ ಜೋಯಿಸರವರೆಗೆ ಎಲ್ಲರ ಪಾಲಿಗೂ ಆಕಾಶವೆಂದರೆ ಬೆಳಕು. ಆದರೆ ಬೆಳಕಿನ ಜೊತೆಗೆ, ಕಣ್ಣಿಗೆ ಕಾಣದ ಇನ್ನೊಂದು ಬಗೆಯ ಅಲೆಯೂ ಹಗಲಿರುಳೆನ್ನದೆ ನಮ್ಮ ಮೇಲೆ ಸುರಿಯುತ್ತಲೇ ಇದೆ. ಅದೇ ರೇಡಿಯೋ ಅಲೆ. ಅದಕ್ಕೆ ಮೋಡದ ತಡೆಯಿಲ್ಲ, ಸೂರ್ಯನ ಪ್ರಕಾಶದ ಅಡ್ಡಿಯೂ ಹೆಚ್ಚಿಲ್ಲ.

ಅಂಥ ಅಲೆಗಳನ್ನು ಹಿಡಿಯಲು ನಮ್ಮ ನಾಡಿನಲ್ಲೇ ಒಂದು ದೊಡ್ಡ ಬಲೆಯನ್ನು ಹರಡಿದ್ದರೆಂಬುದನ್ನು ಎಷ್ಟು ಜನ ಬಲ್ಲರು? ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿ ಕಳ್ಳಂಬೆಳ್ಳ ಸಿಗುತ್ತದೆ. ಅದರ ವಿಶಾಲವಾದ ಕೆರೆಯ ಏರಿಯ ಮೇಲಿಂದ ನೇರ ಪೂರ್ವಕ್ಕೆ ಒಂದು ಗೆರೆ ಎಳೆದರೆ ಅದು ಮಧುಗಿರಿ ಕೊರಟಗೆರೆಗಳ ಬೆಟ್ಟಗುಡ್ಡಗಳನ್ನು ದಾಟಿ, ಐವತ್ತು ಅರವತ್ತು ಕಿಲೋಮೀಟರುಗಳಾಚೆ ಗೌರಿಬಿದನೂರಿನ ಸೀಮೆಯನ್ನು ಮುಟ್ಟುತ್ತದೆ. ಎರಡು ಊರುಗಳೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಗೌರಿಬಿದನೂರಿನ ನೆತ್ತಿಯನ್ನು ಹಾದುಹೋದ ನಕ್ಷತ್ರವು ಸುಮಾರು ಎರಡು ನಿಮಿಷಗಳ ಬಳಿಕ ಕಳ್ಳಂಬೆಳ್ಳದ ನೆತ್ತಿಗೆ ಬರುತ್ತದೆ. ಕಳ್ಳಂಬೆಳ್ಳದ ರೈತನು ಇರುಳು ತಲೆಯೆತ್ತಿ ಕಾಣುವ ಆಕಾಶವನ್ನೇ ಗೌರಿಬಿದನೂರಿನ ಬಯಲಿನಲ್ಲಿ ತಂತಿಗಳು ಕೇಳುತ್ತಿದ್ದವು. ಬೆಂಗಳೂರಿನ ಎರಡು ವಿಜ್ಞಾನ ಸಂಸ್ಥೆಗಳು ಕೂಡಿ ನಡೆಸಿದ ಸಾಹಸವದು. ಅವುಗಳಲ್ಲೊಂದರ ನಿರ್ದೇಶಕರಾಗಿದ್ದವರು ವೆಂಕಟರಾಮನ್ ರಾಧಾಕೃಷ್ಣನ್.

ಹೆಸರಾಂತ ತಂದೆಯ ಮಗ

ರಾಧಾಕೃಷ್ಣನ್ ಹುಟ್ಟಿದ್ದು ೧೯೨೯ರ ಮೇ ೧೮ರಂದು, ಮದರಾಸಿನಲ್ಲಿ. ಮರುವರ್ಷವೇ ತಂದೆ ಸರ್ ಸಿ. ವಿ. ರಾಮನ್ನರಿಗೆ ನೊಬೆಲ್ ಪಾರಿತೋಷಕ ಬಂದಿತು. ೧೯೩೩ರಲ್ಲಿ ರಾಮನ್ನರು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆನಿಂತರು. ದೊಡ್ಡ ಆಲದ ನೆರಳಿನಲ್ಲಿ ಸಣ್ಣ ಗಿಡ ಬೆಳೆಯುವುದು ಕಷ್ಟವೆಂಬುದು ಲೋಕದ ಮಾತು. ನೊಬೆಲ್ ಪುರಸ್ಕೃತರ ಮಗನಾಗಿ ಹುಟ್ಟಿ, ತಂದೆಯ ವಿಷಯವಾದ ಭೌತವಿಜ್ಞಾನವನ್ನೇ ಓದುವವನ ಪಾಡು ಇನ್ನೂ ಕಷ್ಟ. ಗೆದ್ದರೆ ತಂದೆಯ ಕೀರ್ತಿ, ಸೋತರೆ ತನ್ನ ಅಪಕೀರ್ತಿ!

ಮೈಸೂರು ವಿಶ್ವವಿದ್ಯಾನಿಲಯದಿಂದ ಭೌತವಿಜ್ಞಾನದಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿದ ಮೇಲೆ ರಾಧಾಕೃಷ್ಣನ್ ಯಾವ ಪದವಿಗೂ ಓದಲಿಲ್ಲ. ಡಾಕ್ಟರೇಟಿಗಾಗಿ ಪ್ರಬಂಧ ಬರೆಯಲಿಲ್ಲ. ಅವರನ್ನು ಸೆಳೆದದ್ದು ಉಪಕರಣಗಳು. ಕೈಯಾರೆ ಕಟ್ಟಬಹುದಾದ, ಬಿಚ್ಚಬಹುದಾದ, ಮತ್ತೆ ಕಟ್ಟಬಹುದಾದ ಯಂತ್ರಗಳು. ೧೯೫೫ರಲ್ಲಿ ಅವರು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಚಾಲ್ಮರ್ಸ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ರೇಡಿಯೋ ಖಗೋಲವಿಜ್ಞಾನವೆಂಬ ಹೊಸ ಶಾಸ್ತ್ರವು ಬೇರುಬಿಡುತ್ತಿತ್ತು.

ಆ ಶಾಸ್ತ್ರಕ್ಕೆ ಆಗಿನ್ನೂ ಎಳೆಯ ವಯಸ್ಸು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರು ದೂರವಾಣಿಯ ಸಂದೇಶಗಳನ್ನು ಕೆಡಿಸುವ ಗದ್ದಲದ ಮೂಲವನ್ನು ಹುಡುಕಹೊರಟು, ೧೯೩೦ರ ದಶಕದ ಆರಂಭದಲ್ಲಿ, ಒಂದು ಗದ್ದಲವು ನಮ್ಮ ಆಕಾಶಗಂಗೆಯಿಂದಲೇ ಬರುತ್ತಿದೆಯೆಂದು ಕಂಡುಹಿಡಿದಿದ್ದನು. ಹೊಲದಲ್ಲಿ ಕಳೆ ಕೀಳಲು ಹೋದವನಿಗೆ ನಿಧಿ ಸಿಕ್ಕಿದ ಹಾಗಾಯಿತು. ಇಂಥ ಶಾಸ್ತ್ರದಲ್ಲಿ ಗ್ರಂಥಪಾಂಡಿತ್ಯಕ್ಕಿಂತ ಒಳ್ಳೆಯ ಗ್ರಾಹಕ ಯಂತ್ರವನ್ನು ಕಟ್ಟಬಲ್ಲ ಕೈಗೆ ಹೆಚ್ಚು ಬೆಲೆಯಿತ್ತು.

ಗುರುವಿನ ಸುತ್ತಣ ಉಂಗುರ

೧೯೫೯ರಲ್ಲಿ ರಾಧಾಕೃಷ್ಣನ್ ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ವಿದ್ಯಾಲಯವನ್ನು ಸೇರಿದರು. ಆ ವೇಳೆಗೆ ಗುರುಗ್ರಹದಿಂದ ರೇಡಿಯೋ ಅಲೆಗಳು ಬರುತ್ತಿರುವುದು ತಿಳಿದಿತ್ತು. ಏಕೆ ಬರುತ್ತವೆಂಬುದು ಮಾತ್ರ ಒಗಟಾಗಿತ್ತು. ಸಹೋದ್ಯೋಗಿ ಜೇಮ್ಸ್ ರಾಬರ್ಟ್ಸ್ ಅವರೊಡನೆ ರಾಧಾಕೃಷ್ಣನ್ ಆ ಅಲೆಗಳ ಧ್ರುವೀಕರಣವನ್ನು ಅಳೆದರು.

ಧ್ರುವೀಕರಣವೆಂಬ ಮಾತಿಗೆ ವಾಚಕರು ಬೆದರಬೇಕಾಗಿಲ್ಲ. ಹಗ್ಗದ ಒಂದು ತುದಿಯನ್ನು ಗೋಡೆಗೆ ಕಟ್ಟಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದರೆ ಅಲೆಯು ನಿಂತ ಹಾಗೆ ಸಾಗುತ್ತದೆ; ಎಡಕ್ಕೂ ಬಲಕ್ಕೂ ಆಡಿಸಿದರೆ ಮಲಗಿದ ಹಾಗೆ ಸಾಗುತ್ತದೆ. ಸಾಮಾನ್ಯವಾಗಿ ಬಿಸಿ ವಸ್ತುವಿನಿಂದ ಹೊರಡುವ ಅಲೆಗಳಲ್ಲಿ ಎಲ್ಲ ದಿಕ್ಕಿನ ಕಂಪನಗಳೂ ಬೆರೆತಿರುತ್ತವೆ. ಗುರುವಿನ ಅಲೆಗಳಲ್ಲಾದರೋ ಒಂದು ದಿಕ್ಕಿನ ಕಂಪನವು ಎದ್ದುಕಂಡಿತು. ಅವು ಹೊರಡುತ್ತಿದ್ದ ಪ್ರದೇಶವೂ ಗ್ರಹಕ್ಕಿಂತ ಬಹಳ ಅಗಲವಾಗಿತ್ತು. ಇದರ ಅರ್ಥ ಒಂದೇ: ಗುರುವಿಗೆ ಬಲವಾದ ಕಾಂತಕ್ಷೇತ್ರವಿದೆ; ಅದರಲ್ಲಿ ಸೆರೆಸಿಕ್ಕ ವೇಗದ ಎಲೆಕ್ಟ್ರಾನುಗಳು ಗ್ರಹದ ಸುತ್ತ ಉಂಗುರದಂತೆ ಸುಳಿಯುತ್ತ ಈ ಅಲೆಗಳನ್ನು ಹೊಮ್ಮಿಸುತ್ತಿವೆ. ೧೯೬೦ರಲ್ಲಿ ಪ್ರಕಟವಾದ ಈ ನಿರ್ಣಯವನ್ನು ೧೯೭೩ರ ಡಿಸೆಂಬರಿನಲ್ಲಿ ಪಯೊನಿಯರ್-೧೦ ನೌಕೆಯು ಗುರುವಿನ ಬಳಿ ಹಾದುಹೋಗಿ ನೇರವಾಗಿ ದೃಢಪಡಿಸಿತು. ಭೂಮಿಯ ಮೇಲೆ ನಿಂತು ಹದಿಮೂರು ವರ್ಷ ಮುಂಚೆಯೇ ಹೇಳಿದ ಮಾತು ಸುಳ್ಳಾಗಲಿಲ್ಲ.

ದೀಪಸ್ತಂಭದ ಗುಟ್ಟು

ಅಲ್ಲಿಂದ ಮುಂದೆ ರಾಧಾಕೃಷ್ಣನ್ ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿಯ ಪಾರ್ಕ್ಸ್ ಎಂಬಲ್ಲಿ ೬೪ ಮೀಟರು ವ್ಯಾಸದ ದೊಡ್ಡ ರೇಡಿಯೋ ದೂರದರ್ಶಕವಿದೆ. ನಕ್ಷತ್ರಗಳ ನಡುವೆ ತೇಲುವ ಜಲಜನಕವು ೨೧ ಸೆಂಟಿಮೀಟರು ಉದ್ದದ ಅಲೆಯ ಮೂಲಕ ತನ್ನ ಇರವನ್ನು ತಿಳಿಸುತ್ತದೆ. ಆ ಅಲೆಯನ್ನು ಹಿಡಿಯುವ ಸೂಕ್ಷ್ಮ ಗ್ರಾಹಕಗಳೊಡನೆ ಅವರ ತಂಡವು ಅಂತರತಾರಾ ಅನಿಲದ ಬಗ್ಗೆ ಬಹುಕಾಲ ಬಾಳುವ ಸಮೀಕ್ಷೆಯೊಂದನ್ನು ನಡೆಸಿತು.

ಈ ನಡುವೆ ೧೯೬೭ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೊಸೆಲಿನ್ ಬೆಲ್, ಗಡಿಯಾರದಂತೆ ತಪ್ಪದೆ ಮಿಡಿಯುವ ಆಕಾಶಕಾಯವೊಂದನ್ನು ಕಂಡರು. ಅವೇ ಪಲ್ಸಾರುಗಳು. ಈ ಕಾಯಗಳು ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿವೆಯೆ, ಅಥವಾ ಬುಗುರಿಯಂತೆ ತಿರುಗುತ್ತಿವೆಯೆ? ಪಂಡಿತರಲ್ಲಿ ಒಮ್ಮತವಿರಲಿಲ್ಲ. ದಕ್ಷಿಣ ಆಕಾಶದ ವೇಲಾ ಪಲ್ಸಾರನ್ನು, ಸೆಕೆಂಡಿಗೆ ಸುಮಾರು ಹನ್ನೊಂದು ಬಾರಿ ಮಿಡಿಯುವ ಕಾಯವನ್ನು, ರಾಧಾಕೃಷ್ಣನ್ ಮತ್ತು ಸಂಗಡಿಗರು ಪಾರ್ಕ್ಸ್‌ನಲ್ಲಿ ಪರೀಕ್ಷಿಸಿದರು. ಪ್ರತಿಯೊಂದು ಮಿಡಿತದೊಳಗೂ ಅಲೆಯ ಧ್ರುವೀಕರಣದ ದಿಕ್ಕು ನಯವಾಗಿ ಹೊರಳುವುದು ಕಂಡಿತು.

ಉಡುಪಿಯ ಹತ್ತಿರದ ಕಾಪು ದೀಪಸ್ತಂಭವನ್ನು ಕಂಡವರಿಗೆ ಇದರ ಅರ್ಥ ಸುಲಭ. ದೀಪವು ಆರಿ ಹೊತ್ತುವುದಿಲ್ಲ. ತಿರುಗುವ ಕಿರಣವು ನಮ್ಮ ಕಡೆಗೆ ಬಂದಾಗ ಮಾತ್ರ ಮಿಂಚಿದಂತೆ ತೋರುತ್ತದೆ. ತಿರುಗುವ ನಕ್ಷತ್ರದ ಕಾಂತಧ್ರುವದ ಬಳಿಯಿಂದ ಹೊರಡುವ ಕಿರಣವು ನಮ್ಮನ್ನು ಸವರಿ ಹೋಗುವಾಗ, ಕಾಂತರೇಖೆಗಳ ಓಲು ಬದಲಾಗುವುದರಿಂದ ಧ್ರುವೀಕರಣದ ದಿಕ್ಕೂ ಹೊರಳುತ್ತದೆ. ೧೯೬೯ರಲ್ಲಿ ಕುಕ್ ಎಂಬ ಸಂಗಡಿಗರೊಡನೆ ರಾಧಾಕೃಷ್ಣನ್ ಮಂಡಿಸಿದ ಈ ವಿವರಣೆಯು ಇಂದಿಗೂ ಪಲ್ಸಾರುಗಳ ಅಧ್ಯಯನಕ್ಕೆ ಕೈಪಿಡಿಯಾಗಿದೆ.

ಅದೇ ವರ್ಷ ಇನ್ನೊಂದು ಅಚ್ಚರಿ. ತಿರುಗುವ ಬುಗುರಿ ನಿಧಾನವಾಗಬೇಕೇ ಹೊರತು ತಾನಾಗಿ ಚುರುಕಾಗಬಾರದಷ್ಟೆ. ಆದರೆ ಫೆಬ್ರವರಿಯ ಕೊನೆ ಮತ್ತು ಮಾರ್ಚಿಯ ಮೊದಲ ದಿನಗಳ ನಡುವೆ ವೇಲಾ ಪಲ್ಸಾರಿನ ವೇಗವು ಥಟ್ಟನೆ ಹೆಚ್ಚಿತ್ತು. ಹೆಚ್ಚಳವು ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟು ಮಾತ್ರ. ರಾಧಾಕೃಷ್ಣನ್ ಮತ್ತು ಮ್ಯಾಂಚೆಸ್ಟರ್ ಎಂಬುವರು ಅದನ್ನು ಗುರುತಿಸಿದರು. ಅಮೆರಿಕದ ಇನ್ನೊಂದು ತಂಡವೂ ಸ್ವತಂತ್ರವಾಗಿ ಕಂಡಿತು. ನಕ್ಷತ್ರದ ಗಟ್ಟಿ ಸಿಪ್ಪೆಯೊಳಗೆ ಏನು ನಡೆಯುತ್ತಿದೆಯೆಂದು ಊಹಿಸಲು ವಿಜ್ಞಾನಿಗಳಿಗೆ ದೊರೆತ ಮೊದಲ ಕಿಟಕಿ ಇದು.

ತಂದೆಯ ಮನೆಗೆ

ಕೀರ್ತಿ ಹೀಗೆ ಏರುತ್ತಿದ್ದಾಗಲೇ, ೧೯೭೦ರ ನವೆಂಬರ್ ೨೧ರಂದು ರಾಮನ್ನರು ತೀರಿಕೊಂಡರು. ಬೆಂಗಳೂರಿನ ಹೆಬ್ಬಾಳದ ಬಳಿ ೧೯೪೮ರಲ್ಲಿ ಅವರು ಸ್ಥಾಪಿಸಿದ್ದ ರಾಮನ್ ಸಂಶೋಧನಾ ಸಂಸ್ಥೆಯು ಒಡೆಯನಿಲ್ಲದ ಮನೆಯಾಯಿತು. ಸರ್ಕಾರದ ಹಣದ ಹಂಗು ಬೇಡವೆಂಬುದು ರಾಮನ್ನರ ಹಟವಾಗಿತ್ತು. ಒಬ್ಬರ ಪ್ರತಿಭೆಯನ್ನೇ ಆಧರಿಸಿ ನಿಂತಿದ್ದ ಸಂಸ್ಥೆ ಆ ಒಬ್ಬರು ಹೋದ ಮೇಲೆ ಉಳಿಯುವುದೆ?

ಪಾರ್ಕ್ಸ್‌ನಂಥ ದೂರದರ್ಶಕವನ್ನು ಬಿಟ್ಟು, ಒಂದೂ ರೇಡಿಯೋ ದೂರದರ್ಶಕವಿಲ್ಲದ ಅಂಗಳಕ್ಕೆ ಬರುವುದೆಂದರೆ ಸಾಮಾನ್ಯ ನಿರ್ಧಾರವಲ್ಲ. ತಂದೆಯ ಪೀಠದಲ್ಲಿ ಕೂತವನನ್ನು ಲೋಕವು ತಂದೆಯೊಡನೆಯೇ ತೂಗುತ್ತದೆ. ಆದರೂ ೧೯೭೨ರಲ್ಲಿ ರಾಧಾಕೃಷ್ಣನ್ ನಿರ್ದೇಶಕರಾಗಿ ಬಂದರು. ಅದೇ ವರ್ಷ ಸಂಸ್ಥೆಯು ಸರ್ಕಾರದ ಅನುದಾನ ಪಡೆಯುವ ಸ್ವಾಯತ್ತ ಸಂಸ್ಥೆಯಾಯಿತು. ತಂದೆ ಒಲ್ಲದಿದ್ದ ದಾರಿಯನ್ನು ಹಿಡಿದು ಮಗನು ತಂದೆಯ ಮನೆಯನ್ನು ಉಳಿಸಿದನು. ಅವರು ತಂದೆಯ ಕೆಲಸವನ್ನು ಅನುಕರಿಸಲಿಲ್ಲ. ರತ್ನಗಳ, ಹೂಗಳ ಬಣ್ಣಗಳನ್ನು ಪರಿಶೀಲಿಸುತ್ತಿದ್ದ ಅಂಗಳದಲ್ಲಿ ರೇಡಿಯೋ ಉಪಕರಣಗಳ ಕಮ್ಮಟ ಎದ್ದಿತು. ಮಿಲಿಮೀಟರು ಅಲೆಗಳನ್ನು ಹಿಡಿಯುವ ೧೦.೪ ಮೀಟರು ವ್ಯಾಸದ ದೂರದರ್ಶಕವೂ ಬಂದಿತು.

ಗೌರಿಬಿದನೂರಿನ ಬಲೆ ಸಿದ್ಧವಾದದ್ದು ಈ ಕಾಲದಲ್ಲಿಯೇ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಸ್ಥೆಗಳು ಒಟ್ಟುಗೂಡಿದವು. ಖಭೌತ ಸಂಸ್ಥೆಯ ಸಿಎಚ್. ವಿ. ಶಾಸ್ತ್ರಿಯವರು ಅದರ ಹಿಂದಿನ ದೊಡ್ಡ ಚೇತನ. ಸುತ್ತ ಗುಡ್ಡಗಳಿರುವ ಬಯಲಾದ್ದರಿಂದ ಪಟ್ಟಣದ ರೇಡಿಯೋ ಗದ್ದಲದ ಕಾಟ ಕಡಿಮೆ. ಒಂದು ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟರು. ಪೂರ್ವ ಪಶ್ಚಿಮದ ತೋಳು ಸುಮಾರು ೧.೪ ಕಿಲೋಮೀಟರು, ದಕ್ಷಿಣದ ತೋಳು ಸುಮಾರು ಅರ್ಧ ಕಿಲೋಮೀಟರು. ದುಬಾರಿ ಉಕ್ಕಿನ ಬಟ್ಟಲಿಲ್ಲ. ಕಂಬ ಮತ್ತು ತಂತಿಗಳ ತೋಟ. ಅದು ಹಿಡಿದ ೩೪.೫ ಮೆಗಾಹರ್ಟ್ಸ್ ಅಲೆಗಳ ಉದ್ದ ಸುಮಾರು ೮.೭ ಮೀಟರು. ಸಂಸ್ಥೆಯ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಇದರಿಂದ ತಯಾರಿಸಿದ ಆಕಾಶದ ನಕ್ಷೆಯು ೧೯೯೦ರಲ್ಲಿ ಪ್ರಕಟವಾಯಿತು. ಖಗೋಲದ ಸಮಭಾಜಕದಿಂದ ದಕ್ಷಿಣಕ್ಕೆ ೫೦ ಡಿಗ್ರಿಯವರೆಗೆ, ಉತ್ತರಕ್ಕೆ ೭೦ ಡಿಗ್ರಿಯವರೆಗೆ ಹಬ್ಬಿದ ನಕ್ಷೆಯದು.

ಹುಬ್ಬಳ್ಳಿಯ ಹುಡುಗ, ಬೆಂಗಳೂರಿನ ಉತ್ತರ

೧೯೮೨ರಲ್ಲಿ ಸೆಕೆಂಡಿಗೆ ೬೪೨ ಬಾರಿ ತಿರುಗುವ ಪಲ್ಸಾರೊಂದು ಪತ್ತೆಯಾಯಿತು. ಡೊನಾಲ್ಡ್ ಬ್ಯಾಕರ್ ಅವರ ಮುಂದಾಳುತನದ ಆ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯೆಂಬ ತರುಣರಿದ್ದರು. ಮುಂದೆ ೨೦೨೪ರಲ್ಲಿ ಶಾ ಪ್ರಶಸ್ತಿ ಪಡೆದವರು ಇವರೇ. ಇಷ್ಟು ವೇಗದ ಪಲ್ಸಾರು ಹೊಸದಾಗಿ ಹುಟ್ಟಿದ್ದೇ ಇರಬೇಕೆಂಬುದು ಅಂದಿನ ಎಣಿಕೆ. ಆದರೆ ಸುತ್ತಲೂ ನಕ್ಷತ್ರಸ್ಫೋಟದ ಅವಶೇಷ ಕಾಣಲಿಲ್ಲ. ಬಾಣಂತಿಯ ಕೋಣೆಯೇ ಇಲ್ಲದ ಕೂಸು!

ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಇದಕ್ಕೆ ಉತ್ತರ ಕೊಟ್ಟರು. ಇದು ಕೂಸಲ್ಲ, ಮುದುಕ. ನಿಲ್ಲುತ್ತ ಬಂದ ತಿಗರಿಯನ್ನು ಕುಂಬಾರನು ಕೋಲಿನಿಂದ ಮತ್ತೆ ತಿರುಗಿಸುವಂತೆ, ಜೊತೆಯ ನಕ್ಷತ್ರವೊಂದರಿಂದ ಸುರಿದ ದ್ರವ್ಯವು ಈ ಹಳೆಯ ನಕ್ಷತ್ರಕ್ಕೆ ಮರುವೇಗ ಕೊಟ್ಟಿದೆ. ಇದರ ಕಾಂತಕ್ಷೇತ್ರ ಕ್ಷೀಣವಾಗಿರಬೇಕು, ವೇಗವು ಬಹಳ ಮೆಲ್ಲಗೆ ಇಳಿಯಬೇಕು ಎಂದರು. ಅಳೆದು ನೋಡಿದಾಗ ಹಾಗೆಯೇ ಇತ್ತು. ಅಮೆರಿಕದ ಇನ್ನೊಂದು ತಂಡವೂ ಅದೇ ಹೊತ್ತಿಗೆ ಇದೇ ನಿರ್ಣಯಕ್ಕೆ ಬಂದಿತ್ತು. ಆದರೆ ರಾಧಾಕೃಷ್ಣನ್ ಮತ್ತು ಶ್ರೀನಿವಾಸನ್ ತಮ್ಮ ಉತ್ತರವನ್ನು ಹೊರದೇಶಕ್ಕೆ ಕಳುಹಿಸದೆ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅಚ್ಚುಮಾಡಿಸಿದ್ದು ನಾವು ನೆನೆಯತಕ್ಕ ವಿಷಯ.

ಹೆಸರಿನ ಮುಂದಣ ಅಕ್ಷರ

೧೯೯೪ರಲ್ಲಿ ನಿರ್ದೇಶಕ ಸ್ಥಾನವನ್ನು ಬಿಟ್ಟ ಮೇಲೂ ರಾಧಾಕೃಷ್ಣನ್ ಕೆಲಸ ಬಿಡಲಿಲ್ಲ. ಹಾರುವ ಗಾಳಿರೆಕ್ಕೆಗಳನ್ನೂ ಹಾಯಿದೋಣಿಗಳನ್ನೂ ತಾವೇ ರೂಪಿಸುವುದು ಅವರಿಗೆ ಬಲು ಪ್ರೀತಿ. ಗಾಳಿಯೊಡನೆ ಆಡುವ ಕೈಗಳೇ ನಕ್ಷತ್ರದ ಅಲೆಗಳನ್ನೂ ಹಿಡಿದಿದ್ದವು. ಸ್ವೀಡನ್ನಿನ ಮತ್ತು ಅಮೆರಿಕದ ವಿಜ್ಞಾನ ಅಕಾಡೆಮಿಗಳು ಅವರನ್ನು ವಿದೇಶೀಯ ಸದಸ್ಯರನ್ನಾಗಿ ಆರಿಸಿದವು. ೨೦೧೧ರ ಮಾರ್ಚ್ ೩ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಓದಿ ಪಡೆದ ಡಾಕ್ಟರೇಟು ಅವರಿಗೆ ಕೊನೆಯವರೆಗೂ ಇರಲಿಲ್ಲ. ೧೯೯೬ರಲ್ಲಿ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾನಿಲಯವು ತಾನಾಗಿ ಗೌರವ ಡಾಕ್ಟರೇಟನ್ನು ಕೊಟ್ಟಿತು. ಅವರ ತಂದೆಯೂ ಎಂ.ಎ. ಪದವಿಯ ಬಲದಿಂದಲೇ ನೊಬೆಲ್‌ವರೆಗೆ ನಡೆದವರು. ಹಾಗೆಂದು ಪದವಿಗಳು ಬೇಡವೆಂದು ಯಾರೂ ತಿಳಿಯಬಾರದು. ಅವರಿಗೆ ಪದವಿಯ ಬದಲು ಬೇರೊಂದು ಶಿಸ್ತಿತ್ತು. ತಾನು ಕಟ್ಟಿದ ಯಂತ್ರವು ಸುಳ್ಳು ಹೇಳುತ್ತಿದೆಯೆ, ನಿಜ ಹೇಳುತ್ತಿದೆಯೆ ಎಂದು ಇರುಳಿಡೀ ಕಾದು ಪರೀಕ್ಷಿಸುವ ಶಿಸ್ತು ಅದು. ಅಂಕಪಟ್ಟಿಯೊಂದನ್ನೇ ನೋಡಿ ಮಕ್ಕಳ ಭವಿಷ್ಯವನ್ನು ನಿರ್ಣಯಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಮನೆಯ ಹಳೆಯ ರೇಡಿಯೋವನ್ನು ಬಿಚ್ಚಿ ಹರಡಿಕೊಂಡು ಕುಳಿತ ಮಗನನ್ನೋ ಮಗಳನ್ನೋ ಗದರಿಸಹೊರಟಾಗ ಒಂದು ಗಳಿಗೆ ತಡೆಯಿರಿ. ಮತ್ತೆ ಜೋಡಿಸಬೇಕೆಂದು ಮಾತ್ರ ಹೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿರಿ.