ಕೌಂಟರ್ ಮುಚ್ಚದೆ ಸರ್ವರ್ ಬದಲಿಸುವ ಕೆಲಸ

ಚೆನ್ನೈ ಬೀಚ್‌ನಿಂದ ತಾಂಬರಂ ಕಡೆಗೆ ಹೋಗುವ ಲೋಕಲ್ ರೈಲು ಪಲ್ಲಾವರಂ ದಾಟಿದರೆ ಕ್ರೋಂಪೇಟೆ. ಅಬ್ದುಲ್ ಕಲಾಂ ಓದಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇರುವುದು ಇಲ್ಲೇ. ಇಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ದಸರೆಗೆ ಮೈಸೂರಿಗೆ ಹೊರಡಬೇಕೆಂದರೆ 60 ದಿನ ಮೊದಲೇ ಕಾವೇರಿ ಎಕ್ಸ್‌ಪ್ರೆಸ್‌ಗೋ ವಂದೇ ಭಾರತ್‌ಗೋ ಸೀಟು ಕಾಯ್ದಿರಿಸಿಕೊಳ್ಳಬೇಕು. ಅದು ತಪ್ಪಿದರೆ ತತ್ಕಾಲ್: ಎಸಿ ಬೋಗಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಆ ಕೆಲವೇ ನಿಮಿಷಗಳಲ್ಲಿ ಸರ್ವರ್ ಕೈಕೊಟ್ಟರೆ ಹಬ್ಬದ ಪ್ರಯಾಣ ಅಲ್ಲಿಗೇ ಮುಗಿಯಿತು.

ಈ ಸೀಟುಗಳ ಲೆಕ್ಕ ಇಡುವುದು ರೈಲ್ವೆಯ ಪಿಆರ್‌ಎಸ್, ಅಂದರೆ ಪ್ಯಾಸೆಂಜರ್ ರಿಸರ್ವೇಶನ್ ಸಿಸ್ಟಂ. 1980ರ ದಶಕದ ನಡುವೆ ದೆಹಲಿಯಲ್ಲಿ ಶುರುವಾದ ವ್ಯವಸ್ಥೆ ಇದು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳನ್ನು 1999ರಲ್ಲಿ ಒಂದಕ್ಕೊಂದು ಬೆಸೆಯಲಾಯಿತು. ಈಗಿರುವುದು 2010ರಲ್ಲಿ ಹಾಕಿದ ಇಟಾನಿಯಂ ಸರ್ವರ್‌ಗಳು, ಅವುಗಳ ಮೇಲೆ ಓಡುವುದು ಓಪನ್‌ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಂ ಎಂದು ಸರ್ಕಾರವೇ 2025ರಲ್ಲಿ ಸಂಸತ್ತಿಗೆ ತಿಳಿಸಿದೆ.

ಓಪನ್‌ವಿಎಂಎಸ್ ಹೆಸರು ಜನಸಾಮಾನ್ಯರ ಕಿವಿಗೆ ಬಿದ್ದಿರಲಾರದು. 1970ರ ದಶಕದಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಕಟ್ಟಿದ ಇದರ ದೊಡ್ಡ ಗುಣ ಕ್ಲಸ್ಟರ್. ಹಲವು ಯಂತ್ರಗಳು ಒಂದೇ ಡಿಸ್ಕ್ ಸಮೂಹವನ್ನು ಹಂಚಿಕೊಂಡು ಒಂದೇ ಯಂತ್ರದಂತೆ ನಡೆಯುತ್ತವೆ. ಚೆನ್ನೈಯ ಕೌಂಟರಿನ ಗುಮಾಸ್ತರೂ ಮೈಸೂರಿನ ಗುಮಾಸ್ತರೂ ಒಂದೇ ಕ್ಷಣದಲ್ಲಿ ಒಂದೇ ಲೋವರ್ ಬರ್ತ್‌ಗೆ ಗುಂಡಿ ಒತ್ತಿದರೆಂದುಕೊಳ್ಳಿ. ಮೊದಲು ಬಂದ ಕೋರಿಕೆ ಆ ಬರ್ತ್‌ಗೆ ಬೀಗ ಹಾಕುತ್ತದೆ. ಎರಡನೆಯದು ಬೇರೆ ಯಂತ್ರದಿಂದ ಬಂದಿದ್ದರೂ ಬೀಗ ಕಂಡು ಕಾಯುತ್ತದೆ.

ಯಂತ್ರಗಳ ನಡುವಿನ ಸಂಪರ್ಕ ಕಡಿದರೆ? ಪ್ರತಿ ಯಂತ್ರಕ್ಕೂ ಒಂದು ಮತ ಇರುತ್ತದೆ. ಮೂರು ಯಂತ್ರಗಳ ಕ್ಲಸ್ಟರ್‌ನಲ್ಲಿ ಒಂದು ಒಂಟಿಯಾದರೆ ಅದಕ್ಕೆ ಬಹುಮತವಿಲ್ಲ. ಹಾಗಾಗಿ ಅದು ತಾನಾಗಿ ಕೆಲಸ ನಿಲ್ಲಿಸುತ್ತದೆ. ಒಂದೇ ಬರ್ತನ್ನು ಇಬ್ಬರಿಗೆ ಮಾರುವುದಕ್ಕಿಂತ ಸುಮ್ಮನಿರುವುದು ಮೇಲು ಎಂಬ ಈ ನಿಯಮ ನಿಜಕ್ಕೂ ವಿವೇಕದ್ದು.

ಆಪರೇಟಿಂಗ್ ಸಿಸ್ಟಂ ಬದಲಿಸುವಾಗ ಇದೇ ಏರ್ಪಾಡು ಕೈ ಹಿಡಿಯುತ್ತದೆ. ಮೊದಲು ಒಂದು ಯಂತ್ರದ ಕೆಲಸವನ್ನು ಉಳಿದವುಗಳಿಗೆ ದಾಟಿಸುತ್ತಾರೆ. ಅದನ್ನು ಬಂದ್ ಮಾಡಿ, ಹೊಸ ಆವೃತ್ತಿ ಹಾಕಿ, ಪರೀಕ್ಷಿಸಿ ಮತ್ತೆ ಕ್ಲಸ್ಟರ್‌ಗೆ ಸೇರಿಸುತ್ತಾರೆ. ಆಮೇಲೆ ಎರಡನೆಯದು, ಕೊನೆಗೆ ಮೂರನೆಯದು. ಅಷ್ಟು ಹೊತ್ತೂ ಹೊಸ ಆವೃತ್ತಿ, ಹಳೆ ಆವೃತ್ತಿ ಎರಡೂ ಜೊತೆಯಾಗಿ ದುಡಿಯುತ್ತವೆ. ಇದಕ್ಕೆ ರೋಲಿಂಗ್ ಅಪ್‌ಗ್ರೇಡ್ ಎನ್ನುತ್ತಾರೆ. ಆದರೆ ಇದು ನಡೆಯುವುದು ಯಂತ್ರಗಳಲ್ಲಿ ಬಿಡುವಿದ್ದರೆ ಮಾತ್ರ. ಮೂರೂ ಶೇ 80ರಷ್ಟು ಹೊರೆ ಹೊತ್ತಿದ್ದರೆ, ಒಂದನ್ನು ಬಂದ್ ಮಾಡಿದ ಕೂಡಲೇ ಉಳಿದ ಎರಡರ ಮೇಲೆ ತಲಾ ಶೇ 120ರ ಭಾರ ಬಿದ್ದು ಅವೂ ಮಲಗುತ್ತವೆ. ಶೇ 60ರಷ್ಟಿದ್ದರೆ ತಲಾ 90, ಕಷ್ಟಪಟ್ಟಾದರೂ ನಿಭಾಯಿಸುತ್ತವೆ. ಖರ್ಚು ಉಳಿಸಲು ಹೋಗಿ ಈ ಬಿಡುವನ್ನು ತಿಂದುಹಾಕುವುದೇ ಬಹಳ ಕಡೆ ಆಗುವ ಅನಾಹುತ.

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಏನಾಗುತ್ತದೆ ಎಂಬುದು ಕ್ರೋಂಪೇಟೆಗೆ ಹತ್ತಿರದ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲೇ 2024ರ ಜುಲೈ 19ರಂದು ಕಂಡಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ಕೆಡವಿತು. ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಕಂಪನಿ 78 ನಿಮಿಷದಲ್ಲೇ ಅಪ್‌ಡೇಟ್ ಹಿಂತೆಗೆದುಕೊಂಡರೂ ಅಷ್ಟರೊಳಗೆ ಅದು ಎಲ್ಲೆಡೆ ಹೊಕ್ಕಾಗಿತ್ತು. ಹಂತ ಹಂತವಾಗಿ ಕಳಿಸುವ ಪದ್ಧತಿಯನ್ನು ಕಂಪನಿ ಆಮೇಲೆ ಬಿಗಿಮಾಡಿತು.

ಬದಲಿ ಯಂತ್ರ ಇದ್ದರಷ್ಟೇ ಸಾಲದು. ಮುಂಬೈಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರಕ್ಕೆ ಚೆನ್ನೈಯಲ್ಲಿ ಆಪತ್ಕಾಲದ ತಾಣವಿತ್ತು. 2021ರ ಫೆಬ್ರುವರಿ 24ರಂದು ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತಾಗ ಅದನ್ನು ಬಳಸಲೇ ಇಲ್ಲ. ವಹಿವಾಟು ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಮುಂದಿನ ತಿಂಗಳೇ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಬಿಗಿಗೊಳಿಸಿತು: ಮುಖ್ಯ ವ್ಯವಸ್ಥೆ ಕೆಟ್ಟರೆ 30 ನಿಮಿಷದಲ್ಲಿ ಅದನ್ನು ವಿಪತ್ತೆಂದು ಘೋಷಿಸಬೇಕು, ಅಲ್ಲಿಂದ 45 ನಿಮಿಷದಲ್ಲಿ ಕೆಲಸ ಬದಲಿ ತಾಣಕ್ಕೆ ಸಾಗಬೇಕು. 2024ರ ಮಾರ್ಚ್ 2ರ ಶನಿವಾರ ವಿಶೇಷ ವಹಿವಾಟು ನಡೆಸಿ, ದಿನದ ನಡುವೆಯೇ ಮುಖ್ಯ ತಾಣದಿಂದ ಬದಲಿ ತಾಣಕ್ಕೆ ದಾಟಿ ತೋರಿಸಲಾಯಿತು. ನಿಜವಾದ ಹಣ, ನಿಜವಾದ ಗಿರಾಕಿಗಳ ಜೊತೆ ನಡೆದ ಇಂಥ ತಾಲೀಮಿಗೇ ಬೆಲೆ.

ರೈಲ್ವೆಗೆ ಈಗ ಎದುರಾಗಿರುವುದು ಇನ್ನೂ ದೊಡ್ಡ ಕೆಲಸ. ಇಂಟೆಲ್ ಇಟಾನಿಯಂ ಚಿಪ್‌ಗಳ ಪೂರೈಕೆಯನ್ನು 2021ರಲ್ಲೇ ನಿಲ್ಲಿಸಿದೆ. ಹೀಗಾಗಿ ಬದಲಾಗಬೇಕಿರುವುದು ಆವೃತ್ತಿ ಮಾತ್ರವಲ್ಲ; ಯಂತ್ರ, ಆಪರೇಟಿಂಗ್ ಸಿಸ್ಟಂ, ತಂತ್ರಾಂಶ ಎಲ್ಲವೂ. ನಿಮಿಷಕ್ಕೆ 25,000 ಟಿಕೆಟ್‌ಗಳಷ್ಟಿರುವ ಸಾಮರ್ಥ್ಯವನ್ನು ಒಂದು ಲಕ್ಷಕ್ಕೇರಿಸುವುದು ಗುರಿ.

ಆ ಅಂಕಿ ಮುಖ್ಯವೇ. ಆದರೆ ಪ್ರಯಾಣಿಕರು ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ. ಇಂದಿಗೂ ಆನ್‌ಲೈನ್ ಬುಕಿಂಗ್ ರಾತ್ರಿ 11.45ರಿಂದ 12.20ರವರೆಗೆ ಬಂದ್. ಹೊಸ ವ್ಯವಸ್ಥೆ ಬಂದ ಮೇಲೂ ಆ 35 ನಿಮಿಷ ಹಾಗೇ ಉಳಿದರೆ, ರೈಲ್ವೆ ವೇಗವನ್ನಷ್ಟೇ ಕೊಂಡುಕೊಂಡಿದೆ ಎಂದೇ ಲೆಕ್ಕ.