ಸ್ವಾತಂತ್ರ್ಯವಾದ ಮತ್ತು ಸಾರ್ವಜನಿಕ ಹಣಕಾಸು

ಸ್ವಾತಂತ್ರ್ಯವಾದ (ಲಿಬರ್ಟೇರಿಯನ್ ವಾದ) ಎಂಬುದು ವ್ಯಕ್ತಿಯ ಸ್ವಾತಂತ್ರ್ಯ ಹಾಗೂ ಆಸ್ತಿಯ ಹಕ್ಕಿಗೆ ಅಗ್ರಸ್ಥಾನ ನೀಡುವ ರಾಜಕೀಯ ಸಿದ್ಧಾಂತ. ತೆರಿಗೆಯನ್ನು ಕೊಡುವವನ ಒಪ್ಪಿಗೆ ಕೇಳದೆ ವಸೂಲು ಮಾಡುವುದರಿಂದ ಅದು ಆದಷ್ಟು ಕಡಿಮೆಯಿರಬೇಕು, ಸರ್ಕಾರದ ವೆಚ್ಚವು ರಕ್ಷಣೆ, ಪೊಲೀಸು ಮತ್ತು ನ್ಯಾಯಾಲಯಗಳನ್ನು ಮೀರಬಾರದು, ಬೆಲೆಗಳನ್ನು ಮಾರುಕಟ್ಟೆಗೇ ಬಿಡಬೇಕು ಎಂಬುದು ಈ ವಾದದ ಸಾರ. ಅಮೆರಿಕದ ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ, ದುಡಿಮೆಯ ಗಳಿಕೆಯ ಮೇಲಿನ ತೆರಿಗೆಯನ್ನು ಬಲವಂತದ ದುಡಿಮೆಗೆ ಸಮನೆಂದು ವಾದಿಸಿದರು.

ಭಾರತದಲ್ಲಿ ಇದಕ್ಕೆ ಸಮೀಪದ ನಿಲುವು ತಳೆದವರು ಉದಾರವಾದಿಗಳು. ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ 1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯ ಖೋತಾ ಹಣಕಾಸನ್ನು ವಿರೋಧಿಸಿ ಭಿನ್ನಮತದ ಟಿಪ್ಪಣಿ ಬರೆದರು. ರಾಜಾಜಿಯವರ ಸ್ವತಂತ್ರ ಪಕ್ಷ 1959ರಲ್ಲಿ ಹುಟ್ಟಿತು.

ಕೃಷ್ಣಾ ತೀರದ ಎರಡು ಉದಾಹರಣೆಗಳು

ತೆರಿಗೆಯಿಲ್ಲದೆ ಅಣೆಕಟ್ಟು, ರಸ್ತೆಗಳನ್ನು ಕಟ್ಟುವವರು ಯಾರು ಎಂಬುದು ಈ ಸಿದ್ಧಾಂತ ಎದುರಿಸುವ ಹಳೆಯ ಪ್ರಶ್ನೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಸರ್ಕಾರದ ಹಣಕ್ಕೆ ಕಾಯದೆ, ತಾವೇ ವಂತಿಗೆ ಎತ್ತಿ, ಶ್ರಮದಾನ ಮಾಡಿ 1989ರಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರು. ಸ್ವಯಂಪ್ರೇರಿತ ಸಹಕಾರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಈ ಭಾಗದಲ್ಲಿ ಸಿಗುವುದು ಕಷ್ಟ. ಆದರೆ ಇದು ಯಾವುದೇ ವಾದದ ಹೆಸರಿನಲ್ಲಿ ನಡೆದ ಕೆಲಸವಲ್ಲ. ನ್ಯಾಮಗೌಡರೇ 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿಬಂದು ಕೇಂದ್ರ ಮಂತ್ರಿಯಾದರು.

ಅದೇ ನದಿಯ ಕೆಳಭಾಗದಲ್ಲಿರುವ ಆಲಮಟ್ಟಿ ಅಣೆಕಟ್ಟು ಸಾರ್ವಜನಿಕ ಹಣದಿಂದ ಆದುದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅದಕ್ಕೆ ಅಡಿಗಲ್ಲಿಟ್ಟರು. ಅದರ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳೂ ಬೀಳಗಿ ತಾಲ್ಲೂಕಿನ ಹಲವು ಗ್ರಾಮಗಳೂ ಮುಳುಗಿದವು. ಸ್ವಾತಂತ್ರ್ಯವಾದಿಗಳ ಆಕ್ಷೇಪ ಇಲ್ಲಿ ತೆರಿಗೆಗಿಂತ ತೀಕ್ಷ್ಣವಾಗುತ್ತದೆ: ಮಾರಲು ಒಲ್ಲದವನ ಹೊಲವನ್ನು ಕಾನೂನಿನ ಬಲದಿಂದ ಪಡೆದು, ಪರಿಹಾರದ ಮೊತ್ತವನ್ನು ಪಡೆಯುವವನೇ ಗೊತ್ತುಮಾಡುವುದು ನ್ಯಾಯವೇ? ಮನೆಮಾರು ಕಳೆದುಕೊಂಡವರಿಗೆ ಈ ಪ್ರಶ್ನೆ ಕೇವಲ ಪುಸ್ತಕದ್ದಲ್ಲ.

ಟೀಕೆಗಳು

ಚಿಕ್ಕಪಡಸಲಗಿಯ ಮಾದರಿ ಎಲ್ಲೆಡೆ ಸಲ್ಲುವುದಿಲ್ಲವೆಂಬುದು ಟೀಕಾಕಾರರ ಉತ್ತರ. ಅಲ್ಲಿ ಹಣ ಕೊಟ್ಟವರು ದಂಡೆಯ ರೈತರು, ನೀರು ಪಡೆದವರೂ ಅವರೇ. ದೂರದ ಒಣಭೂಮಿಗೆ ಕಾಲುವೆ ಒಯ್ಯಲು ವಂತಿಗೆ ಸಾಲದು. ನೆರೆಯವನು ಕೊಟ್ಟ ಹಣದಿಂದ ನಿಂತ ನೀರು ಕೊಡದವನ ಬಾವಿಯನ್ನೂ ತುಂಬುವುದರಿಂದ, ಕೊಡದೆ ಉಳಿಯುವ ಆಸೆಯೂ ಸಹಜ. ನದಿಯ ನೀರಿನ ಹಂಚಿಕೆಯಂತೂ ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಡುವೆ ನ್ಯಾಯಮಂಡಳಿಯ ಮೂಲಕವೇ ಆಗಬೇಕಾಯಿತು. ಇನ್ನು ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ನೀಡುವ ಉಚಿತ ವಿದ್ಯುತ್ತಿನ ವೆಚ್ಚವನ್ನು ಸರ್ಕಾರದ ಬೊಕ್ಕಸವೇ ಭರಿಸುತ್ತದೆ.