ನಿಮಗಿದು ಗೊತ್ತೇ? ಡಿ ಡ್ರೈವ್ ಎಂದರೆ ಎರಡನೇ ಡಿಸ್ಕ್ ಅಲ್ಲ!

● ನಮ್ಮ ಚಿಕ್ಕಪ್ಪನವರ ಕಂಪ್ಯೂಟರಿನಲ್ಲಿ ಸಿ, ಡಿ, ಇ, ಎಫ್ ಎಂದು ನಾಲ್ಕು ಡ್ರೈವ್‌ಗಳಿದ್ದವು. ಮಗಳ ಮದುವೆ ಫೋಟೊಗಳ ಒಂದು ಪ್ರತಿ ಡಿಯಲ್ಲಿ, ಇನ್ನೊಂದು ಎಫ್‌ನಲ್ಲಿ. "ಒಂದು ಹೋದ್ರೆ ಇನ್ನೊಂದಿದೆಯಲ್ಲಪ್ಪ" ಎನ್ನುತ್ತಿದ್ದರು. ಒಂದು ದಿನ ಕ್ಯಾಬಿನೆಟ್ಟಿನೊಳಗಿಂದ ಟಕ್ ಟಕ್ ಎಂದು ಸದ್ದು ಬಂತು, ನಾಲ್ಕೂ ಒಟ್ಟಿಗೇ ಹೋದವು. ಒಳಗೆ ಇದ್ದದ್ದು ಒಂದೇ ಹಾರ್ಡ್ ಡಿಸ್ಕ್! ಅಂಗಡಿಯವನು ಅದನ್ನೇ ನಾಲ್ಕು ಪಾರ್ಟಿಶನ್ ಮಾಡಿ ಕೊಟ್ಟಿದ್ದ, ಒಂದೇ ಕಣಜಕ್ಕೆ ನಡುನಡುವೆ ಹಲಗೆ ಹೊಡೆದ ಹಾಗೆ. ಕಣಜಕ್ಕೇ ನೀರು ನುಗ್ಗಿದರೆ ಹಲಗೆ ಏನು ಮಾಡೀತು? ನಿಮ್ಮಲ್ಲಿ ನಿಜಕ್ಕೂ ಎಷ್ಟು ಡಿಸ್ಕ್ ಇವೆ ಎಂದು ತಿಳಿಯಬೇಕೇ? ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗ ನೋಡಿ. 'ಡಿಸ್ಕ್ 0' ಒಂದೇ ಕಂಡು, ಅದರ ಪಕ್ಕದಲ್ಲೇ ಸಿ, ಡಿ, ಇ ಎಲ್ಲವೂ ಸಾಲಾಗಿ ನಿಂತಿದ್ದರೆ ನಿಮ್ಮದೂ ಚಿಕ್ಕಪ್ಪನ ಕಣಜವೇ.

● ಹಾಗಾದರೆ ಎ, ಬಿ ಎಲ್ಲಿ? ಫ್ಲಾಪಿಗಳ ಜೊತೆಗೇ ಹೋದವು. ಮೊದಲ ಎರಡು ಅಕ್ಷರ ಫ್ಲಾಪಿ ಡ್ರೈವ್‌ಗಳಿಗೆ ಮೀಸಲಾಗಿದ್ದವು. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ 10 ಎಂಬಿ ಹಾರ್ಡ್ ಡಿಸ್ಕ್ ಹೊತ್ತು ಬಂದಾಗ ಖಾಲಿ ಉಳಿದಿದ್ದ ಮೊದಲ ಅಕ್ಷರ ಸಿ. ಫ್ಲಾಪಿ ಸತ್ತು ಇಷ್ಟು ವರ್ಷವಾದರೂ ಸಿಗೆ ಬಡ್ತಿ ಸಿಕ್ಕಿಲ್ಲ. ನಿಮಗೆ ಬೇಕಿದ್ದರೆ ಹೊಸ ಡಿಸ್ಕಿಗೆ ಎ ಅಥವಾ ಬಿ ಎಂದು ಹೆಸರಿಡಬಹುದು, ವಿಂಡೋಸ್ ತಕರಾರು ಮಾಡುವುದಿಲ್ಲ.

● ಜಗತ್ತಿನ ಮೊದಲ ಹಾರ್ಡ್ ಡಿಸ್ಕ್, 1956ರ ಐಬಿಎಂ 350, ಒಂದು ಟನ್ನಿಗಿಂತ ಹೆಚ್ಚು ತೂಗುತ್ತಿತ್ತು. 24 ಅಂಗುಲ ಅಗಲದ 50 ತಟ್ಟೆಗಳು, ನಮ್ಮ ಮನೆಯ ಹೋಳಿಗೆ ಹೆಂಚಿಗಿಂತ ದೊಡ್ಡವು. ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದದ್ದು ಇಂದಿನ ಲೆಕ್ಕದಲ್ಲಿ ಸುಮಾರು 3.75 ಎಂಬಿ. ಈಗಿನ ಫೋನಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೊಗೆ ಸರಿಹೋಯಿತು.

● ಮೂರೂವರೆ ಇಂಚಿನ ಹಾರ್ಡ್ ಡಿಸ್ಕನ್ನು ಸ್ಕೇಲ್ ಹಿಡಿದು ಅಳೆದರೆ ಮೂರೂವರೆ ಇಂಚು ಎಲ್ಲೂ ಸಿಗುವುದಿಲ್ಲ. ಅದರ ಅಗಲ 101.6 ಮಿಲಿಮೀಟರ್, ಅಂದರೆ ಸರಿಯಾಗಿ 4 ಇಂಚು. ಮೂರೂವರೆ ಇಂಚಿನ ಫ್ಲಾಪಿಯ ಡ್ರೈವ್ ಕೂರುತ್ತಿದ್ದ ಜಾಗದಲ್ಲೇ ಇದೂ ಕೂರಬೇಕಿತ್ತು, ಅದರ ಹೆಸರೇ ಇದಕ್ಕೂ ಅಂಟಿಕೊಂಡಿತು.

● ಎರಡನೇ ಡಿಸ್ಕ್ ಹಾಕುವಾಗ ಜನ ಎಡವುವುದು ಹೆಚ್ಚಾಗಿ ಸ್ಕ್ರೂನಲ್ಲಿ. ಮೂರೂವರೆ ಇಂಚಿನ ಡಿಸ್ಕಿಗೆ ಬೇಕಾದದ್ದು ಇಂಚಿನ ಲೆಕ್ಕದ 6-32 ಸ್ಕ್ರೂ, ಅದರ ಮರೆ (ತ್ರೆಡ್) ದಪ್ಪ. ಎರಡೂವರೆ ಇಂಚಿನ ಎಸ್‌ಎಸ್‌ಡಿಗೆ ಬೇಕಾದದ್ದು ಎಂ3, ಮರೆ ಸಣ್ಣ. ಎರಡನ್ನೂ ಬೆರಳ ತುದಿಯಲ್ಲಿಟ್ಟು ನೋಡಿದರೆ ಅಕ್ಕತಂಗಿಯರಂತೆ ಕಾಣುತ್ತವೆ, ವ್ಯಾಸದ ವ್ಯತ್ಯಾಸ ಅರ್ಧ ಮಿಲಿಮೀಟರ್. ಎಂ3 ಅನ್ನು ದೊಡ್ಡ ಡಿಸ್ಕಿಗೆ ಹಾಕಿದರೆ ಲೊಡಲೊಡ ಅಲ್ಲಾಡುತ್ತದೆ. 6-32 ಅನ್ನು ಎಸ್‌ಎಸ್‌ಡಿಗೆ ತುರುಕಿದರೆ ಮರೆಯೇ ಸವೆದುಹೋಗುತ್ತದೆ. ಬೆರಳಲ್ಲಿ ಎರಡು ಸುತ್ತು ಸಲೀಸಾಗಿ ಹೋಗದಿದ್ದರೆ ಅದು ಆ ತೂತಿನ ಸ್ಕ್ರೂ ಅಲ್ಲ, ಸ್ಕ್ರೂಡ್ರೈವರಿಗೆ ಕೈ ಹಾಕಬೇಡಿ.

● ಎಸ್‌ಎಸ್‌ಡಿಯೊಳಗೆ ಅಲ್ಲಾಡುವ ಭಾಗ ಒಂದೂ ಇಲ್ಲ. ಡಬಲ್ ಸೈಡ್ ಟೇಪಿನಲ್ಲಿ ಕ್ಯಾಬಿನೆಟ್ ಗೋಡೆಗೆ ಅಂಟಿಸಿದರೂ ನಡೆಯುತ್ತದೆ. ತಿರುಗುವ ಡಿಸ್ಕಿಗೆ ಈ ಸಲಿಗೆ ಇಲ್ಲ. ಮಲಗಿಸಿ, ನಿಲ್ಲಿಸಿ, ಆದರೆ ಬಿಗಿಯಾಗಿ ಕೂರಿಸಿ.

● 'ಮಾಸ್ಟರ್', 'ಸ್ಲೇವ್' ನೆನಪಿದೆಯೇ? ಹಳೆಯ ಐಡಿಇ ಕಾಲದಲ್ಲಿ ಒಂದೇ ಪಟ್ಟಿ ಕೇಬಲ್ಲಿಗೆ ಎರಡು ಡಿಸ್ಕ್ ಜೋಡಿಸಿ, ಯಾರು ಯಜಮಾನ ಯಾರು ಆಳು ಎಂದು ಉದ್ದಿನ ಕಾಳಿನಷ್ಟು ಚಿಕ್ಕ ಜಂಪರ್ ಹಾಕಿ ಹೇಳಬೇಕಿತ್ತು. ಎರಡನ್ನೂ ಯಜಮಾನ ಮಾಡಿದರೆ ಒಂದೂ ಏಳುತ್ತಿರಲಿಲ್ಲ (ಮನೆಗಳಲ್ಲೂ ಹೀಗೇ ಅನ್ನಿ). 2003ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ ಆಡಳಿತ ಈ ಪದಗಳನ್ನು ಬಳಸಬೇಡಿ ಎಂದು ಸರಬರಾಜುದಾರರನ್ನು ಕೇಳಿಕೊಂಡಿತು. ಅದೇ ವರ್ಷ ಬಂದ ಸಾಟಾ, ಒಂದು ಕೇಬಲ್ಲಿಗೆ ಒಂದೇ ಡಿಸ್ಕ್ ಎಂಬ ನಿಯಮದಿಂದ ಜಗಳವನ್ನೇ ಮುಗಿಸಿತು.

● ಸಾಟಾ ಡಿಸ್ಕಿಗೆ ಎರಡು ಕೇಬಲ್ ಬೇಕು: ಮಾಹಿತಿಗೆ 7 ಪಿನ್ನಿನದು ಮದರ್‌ಬೋರ್ಡಿನಿಂದ, ಕರೆಂಟಿಗೆ 15 ಪಿನ್ನಿನದು ಎಸ್‌ಎಂಪಿಎಸ್‌ನಿಂದ. ಇಂಗ್ಲಿಷಿನ 'ಎಲ್' ಅಕ್ಷರದ ಆಕಾರ ಇರುವುದರಿಂದ ತಿರುಗಾಮುರುಗಾ ಹಾಕಲು ಆಗದು, ಬಲ ಹಾಕಿ ಮುರಿಯಬಹುದು ಅಷ್ಟೇ.

● ಎಸ್‌ಎಂಪಿಎಸ್‌ನಿಂದ ಬಿಚ್ಚಿ ತೆಗೆಯಬಹುದಾದ ಕೇಬಲ್‌ಗಳಿವೆಯಲ್ಲ, ಅವು ಡಿಸ್ಕ್ ಕಡೆಯ ತುದಿಯಲ್ಲಿ ಎಲ್ಲ ಕಂಪನಿಯವೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಮಾತ್ರ ಯಾವ ಏಕರೂಪದ ನಿಯಮವೂ ಇಲ್ಲ! ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಪಿನ್ನುಗಳ ಜೋಡಣೆ ಬೇರೆ ಇರಬಹುದು. ಹಳೆಯ ಡಬ್ಬಿಯಲ್ಲಿದ್ದ ಕೇಬಲ್ ಚೆನ್ನಾಗಿಯೇ ಕೂತುಕೊಂಡೀತು, 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಿ ಹೊಸ ಡಿಸ್ಕ್ ಸ್ವಿಚ್ ಹಾಕಿದ ಕ್ಷಣವೇ ಸುಟ್ಟೀತು. ಈ ಅಂಕಣದಲ್ಲಿ ಒಂದನ್ನೇ ನೆನಪಿಡುತ್ತೀರಾದರೆ ಇದನ್ನೇ ಇಡಿ.

● ಎಲ್ಲ ಸರಿಯಾಗಿ ಜೋಡಿಸಿದರೂ ಡಿಸ್ಕ್ ಕಾಣುತ್ತಿಲ್ಲವೇ? ಎಂ.2 ಎಸ್‌ಎಸ್‌ಡಿ ಇದೆಯೇ ನೋಡಿ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಆ ಸೀಟು ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ತಾವಾಗಿ ಬಂದ್ ಆಗುತ್ತವೆ. ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಬದಲಾಯಿಸಿದರೆ ಡಿಸ್ಕ್ ಪ್ರತ್ಯಕ್ಷ. ಈ ವಿಷಯ ಮದರ್‌ಬೋರ್ಡಿನ ಪುಸ್ತಕದಲ್ಲಿ ಚಿಕ್ಕ ಅಕ್ಷರದಲ್ಲಿ ಇದ್ದೇ ಇರುತ್ತದೆ. ಆ ಪುಸ್ತಕ ಮಾತ್ರ ಯಾರ ಮನೆಯಲ್ಲೂ ಇರುವುದಿಲ್ಲ.

● ಹೊಸ ಡಿಸ್ಕ್ ಹಾಕಿದ ಕೂಡಲೇ 'ದಿಸ್ ಪಿಸಿ'ಯಲ್ಲಿ ಬರುವುದಿಲ್ಲ, ಅದು ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ಕೇಳುತ್ತದೆ. ಎಂಬಿಆರ್ ಹಳೆಯ ಲೆಕ್ಕದ ಪುಸ್ತಕ, ಅದರಲ್ಲಿ ಸುಮಾರು 2 ಟಿಬಿ ದಾಟಿದರೆ ಬರೆಯಲು ಅಂಕಿಯೇ ಇಲ್ಲ. 4 ಟಿಬಿ ಡಿಸ್ಕ್ ತಂದು ಎಂಬಿಆರ್ ಒತ್ತಿದರೆ ಅರ್ಧ ಡಿಸ್ಕ್ ಬೀಳುಬಿದ್ದ ಗದ್ದೆ. ಆದ್ದರಿಂದ ಜಿಪಿಟಿ. ಆದರೆ ಫೋಟೊಗಳಿರುವ ಹಳೆಯ ಡಿಸ್ಕ್ ಜೋಡಿಸಿದಾಗ 'ಇನಿಶಿಯಲೈಸ್ ಮಾಡಲೇ', 'ಫಾರ್ಮ್ಯಾಟ್ ಮಾಡಲೇ' ಎಂದು ಕೇಳಿದರೆ ಬೇಡ ಎನ್ನಿ. ಆ ಪ್ರಶ್ನೆಗೆ ಹೂಂ ಎಂದವರ ಕಣ್ಣೀರಿನಿಂದಲೇ ಡೇಟಾ ರಿಕವರಿ ಅಂಗಡಿಗಳು ನಡೆಯುತ್ತಿವೆ.

● 1 ಟಿಬಿ ಡಿಸ್ಕ್ ತಂದರೆ ತೋರಿಸುವುದು 931 ಜಿಬಿ. ಯಾರೂ ಕದ್ದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಒಬ್ಬರದು ಸೇರು, ಇನ್ನೊಬ್ಬರದು ಲೀಟರು. ಅಷ್ಟರಲ್ಲೇ ಎಷ್ಟು ಕನ್ನಡ ಹಿಡಿಸೀತು? ಯೂನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. 'ಕನ್ನಡ' ಎಂದು ಬರೆದರೆ 15 ಬೈಟ್: ನಕಾರ ಎರಡು ಸಲ, ನಡುವೆ ಕಣ್ಣಿಗೆ ಕಾಣದ ಹಲಂತ ಚಿಹ್ನೆಯೂ ಸೇರಿ ಐದು ಚಿಹ್ನೆ. ಪುಟಕ್ಕೆ 1,500 ಚಿಹ್ನೆಯಂತೆ 300 ಪುಟದ ಕಾದಂಬರಿ ಒಂದೂವರೆ ಎಂಬಿಯೂ ಆಗದು. 1 ಟಿಬಿಯಲ್ಲಿ ಅಂಥ ಏಳು ಲಕ್ಷ ಕಾದಂಬರಿ ಇಟ್ಟ ಮೇಲೂ ಜಾಗ ಉಳಿಯುತ್ತದೆ.

● ಕನ್ನಡದ ಮಾತು ಬಂತು, ಇದನ್ನೂ ಕೇಳಿ. ಸಿ ಡ್ರೈವ್ ಫಾರ್ಮ್ಯಾಟ್ ಆದರೂ ಎರಡನೇ ಡಿಸ್ಕಿನಲ್ಲಿದ್ದ ಹಳೆಯ 'ನುಡಿ' ತಂತ್ರಾಂಶದ ಕಡತಗಳು ಉಳಿಯುತ್ತವೆ, ತೆರೆದರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಕಡತ ಕೆಟ್ಟಿಲ್ಲ. ಯೂನಿಕೋಡ್‌ಗೆ ಮುಂಚಿನ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಬಾಡಿಗೆಗಿದ್ದವು, ಫಾಂಟು ಸಿ ಡ್ರೈವಿನ ಜೊತೆ ಅಳಿಸಿಹೋಗಿದೆ. ಮತ್ತೆ ಹಾಕಿಕೊಂಡರೆ ಕನ್ನಡ ವಾಪಸು. ಫಾಂಟುಗಳ ಒಂದು ಪ್ರತಿ ಎರಡನೇ ಡಿಸ್ಕಿನಲ್ಲೂ ಇರಲಿ.

● ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನ ಅಂಚು ಗಂಟೆಗೆ ಸುಮಾರು 129 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಓದುವ ಮುಳ್ಳು ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ತಟ್ಟೆಗೆ ತಾಗದೆ ತೇಲುತ್ತದೆ. ತಲೆಕೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಓಡುತ್ತಿರುವ ಕಂಪ್ಯೂಟರನ್ನು ಗುಡಿಸುವ ನೆಪದಲ್ಲಿ ಎಳೆದಾಡಬಾರದು ಎನ್ನುವುದು ಇದಕ್ಕೇ.

● ಗದರಿದರೆ ಡಿಸ್ಕ್ ಹೆದರುತ್ತದೆಯೇ? ಹೌದು! 2008ರಲ್ಲಿ ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್ ಡಿಸ್ಕುಗಳ ಸಾಲಿನ ಮುಂದೆ ನಿಂತು ಜೋರಾಗಿ ಕಿರುಚಿದರು, ಅವು ಆ ಕ್ಷಣ ತಡವರಿಸಿದ್ದು ಗ್ರಾಫಿನಲ್ಲಿ ಕಂಡಿತು. ಜಾನೆಟ್ ಜಾಕ್ಸನ್ ಅವರ 'ರಿದಮ್ ನೇಷನ್' ಹಾಡಿನ ಕಥೆ ಇನ್ನೂ ಮಜಾ. ಅದರ ಒಂದು ಕಂಪನ ಹಳೆಯ ಲ್ಯಾಪ್‌ಟಾಪ್ ಡಿಸ್ಕುಗಳ ಸಹಜ ಕಂಪನಕ್ಕೆ ಹೊಂದಿಕೊಂಡು ಲ್ಯಾಪ್‌ಟಾಪ್ ನಿಂತುಹೋಗುತ್ತಿತ್ತು, ಪಕ್ಕದಲ್ಲಿದ್ದದ್ದೂ! ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2022ರಲ್ಲಿ ಇದನ್ನು ಬರೆದ ಮೇಲೆ ಆ ಹಾಡಿಗೆ ಭದ್ರತಾ ದೋಷಗಳ ಪಟ್ಟಿಯಲ್ಲೊಂದು ಅಧಿಕೃತ ಸಂಖ್ಯೆಯೂ ಸಿಕ್ಕಿತು.

● 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಕಾರ್ಖಾನೆಗಳು ಮುಳುಗಿದಾಗ ಜಗತ್ತಿನೆಲ್ಲೆಡೆ ಹಾರ್ಡ್ ಡಿಸ್ಕ್ ಬೆಲೆ ಗಗನಕ್ಕೇರಿತು.

● ಕೆಲವು ಡಿಸ್ಕುಗಳಲ್ಲಿ ಮಾಹಿತಿಯ ಸಾಲುಗಳು ಮಂಗಳೂರು ಹೆಂಚಿನಂತೆ ಒಂದರ ಅಂಚು ಇನ್ನೊಂದರ ಮೇಲೆ ಬರುತ್ತವೆ. ಎಸ್‌ಎಂಆರ್ ಎಂದರೆ ಇದೇ. ಜಾಗ ಉಳಿತಾಯ ನಿಜ, ಆದರೆ ನಡುವಿನ ಒಂದು ಹೆಂಚು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಿ ಮತ್ತೆ ಹೊದಿಸಬೇಕು, ಬರೆಯುವುದು ನಿಧಾನ. ಸಿನಿಮಾ, ಫೋಟೊ ತುಂಬಿಡಲು ಸಾಕು. ದಿನವಿಡೀ ಬರೆದು ಅಳಿಸುವ ಕೆಲಸಕ್ಕೆ, ಸಾಲುಗಳು ಹೀಗೆ ಒಂದರ ಮೇಲೊಂದು ಬಾರದ ಸಿಎಂಆರ್ ಡಿಸ್ಕ್ ಕೇಳಿ ತನ್ನಿ.

● ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಳ್ಳುವಾಗ ಅದರ ವಯಸ್ಸನ್ನು ಅದನ್ನೇ ಕೇಳಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ 'ಪವರ್ ಆನ್ ಅವರ್ಸ್' ನೋಡಿ. ವರ್ಷಕ್ಕೆ 8,760 ಗಂಟೆ. 40,000 ಎಂದಿದ್ದರೆ ನಾಲ್ಕೂವರೆ ವರ್ಷ ಬಿಡದೆ ದುಡಿದ ಎತ್ತು. ಆದರೆ ಪೂರ್ತಿ ನಂಬಬೇಡಿ. 2025ರ ಆರಂಭದಲ್ಲಿ ಯೂರೋಪಿನಲ್ಲಿ ಈ ಮೀಟರನ್ನೇ ಸೊನ್ನೆಗೆ ತಿರುಗಿಸಿ ಹಳೆಯ ಡಿಸ್ಕನ್ನು ಹೊಸದೆಂದು ಮಾರಿದ್ದು ಬಯಲಾಯಿತು.

● ಹಳೆಯ ಲ್ಯಾಪ್‌ಟಾಪಿನ ಡಿಸ್ಕನ್ನೇ ಎರಡನೆಯದಾಗಿ ಹಾಕಿದರೆ ಅದು 48 ಅಂಕಿಗಳ ಕೀಲಿ ಕೇಳಬಹುದು. ಅದೇ ಬಿಟ್‌ಲಾಕರ್. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳು ಮಾಲೀಕರಿಗೆ ಅರಿವಿಲ್ಲದೆಯೇ ಬೀಗ ಹಾಕಿಕೊಂಡಿರುತ್ತವೆ. ಕೀಲಿ ಆ ಖಾತೆಯಲ್ಲೇ ಇರುತ್ತದೆ, ಡಿಸ್ಕ್ ಬಿಚ್ಚುವ ಮೊದಲೇ ನೋಡಿ ಬರೆದಿಟ್ಟುಕೊಳ್ಳಿ.

● 'ಟಾಯ್ ಸ್ಟೋರಿ 2' ಸಿನಿಮಾ ಬಾಣಂತನದಿಂದ ಉಳಿಯಿತು! 1998ರಲ್ಲಿ ಪಿಕ್ಸಾರ್‌ನಲ್ಲಿ ಯಾರೋ ಅಳಿಸುವ ಆದೇಶ ಕೊಟ್ಟು, ತೆರೆಯ ಮೇಲಿದ್ದ ಗೊಂಬೆಗಳು ಒಂದೊಂದಾಗಿ ಮಾಯವಾದವು. ಬ್ಯಾಕಪ್ ತೆರೆದರೆ ಅದೂ ಕೆಟ್ಟಿತ್ತು. ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಹೆರಿಗೆಯ ನಂತರ ಮನೆಯಿಂದ ಕೆಲಸ ಮಾಡುತ್ತಿದ್ದರಿಂದ ಅವರ ಮನೆಯ ಕಂಪ್ಯೂಟರಿನಲ್ಲೊಂದು ಪ್ರತಿ ಇತ್ತು. ಅದಕ್ಕೆ ಕಂಬಳಿ ಹೊದಿಸಿ, ಕೂಸನ್ನು ತರುವ ಹಾಗೆ ಕಾರಿನಲ್ಲಿ ತಂದರು. ಆಮೇಲೆ ಆ ಸಿನಿಮಾದ ಬಹುಪಾಲನ್ನು ಹೇಗೂ ಹೊಸದಾಗಿ ಮಾಡಲಾಯಿತು, ಆ ಮಾತು ಬೇರೆ.

● ಬ್ರಿಟನ್ನಿನ ವೇಲ್ಸ್‌ನಲ್ಲಿ ಒಬ್ಬರ ಮೇಜಿನ ಡ್ರಾಯರಿನಲ್ಲಿ ಎರಡು ಹಳೆಯ ಹಾರ್ಡ್ ಡಿಸ್ಕುಗಳಿದ್ದವು. 2013ರಲ್ಲಿ ಒಂದು ಕಸಕ್ಕೆ ಹೋಯಿತು, ಹೋಗಬಾರದ್ದೇ ಹೋಯಿತು. ಅದರಲ್ಲಿ ಸಾವಿರಾರು ಬಿಟ್‌ಕಾಯಿನ್‌ಗಳ ಕೀಲಿ ಇತ್ತು. ಕಸದ ಗುಡ್ಡ ಅಗೆಯಲು ಬಿಡಿ ಎಂದು ಕೋರ್ಟಿಗೂ ಹೋದರು. 2025ರ ಜನವರಿಯಲ್ಲಿ ಆ ದಾವೆ ವಜಾ ಆಯಿತು.

● ಈ ಕಥೆ ಕೇಳಿದ ಚಿಕ್ಕಪ್ಪ, ಹೊಸದಾಗಿ ಹಾಕಿಸಿದ ಎರಡನೇ ಡಿಸ್ಕಿಗೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಅಂಟಿಸಿ ಪೆನ್ನಿನಲ್ಲಿ 'ಮದುವೆ' ಎಂದು ಬರೆದರು. ನೆಂಟರ ಫೋನುಗಳಿಂದ ಬೇಡಿ ತಂದ ಫೋಟೊಗಳು ಅದರಲ್ಲಿವೆ. ಪ್ಲಾಸ್ಟರ್ ಬಿದ್ದದ್ದು ಸರಿಯಾಗಿ 'ಈ ರಂಧ್ರ ಮುಚ್ಚಬೇಡಿ' ಎಂದು ಇಂಗ್ಲಿಷಿನಲ್ಲಿ ಬರೆದ ಜಾಗದ ಮೇಲೆ! ಹಾರ್ಡ್ ಡಿಸ್ಕ್ ಗಾಳಿಯಾಡದ ಡಬ್ಬಿಯಲ್ಲ. ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗಲು ಅದು ಈ ಸಾಸಿವೆ ಗಾತ್ರದ ತೂತಿನಿಂದ, ಶೋಧಕದ ಮೂಲಕ ಉಸಿರಾಡುತ್ತದೆ. ಪ್ಲಾಸ್ಟರನ್ನು ಎರಡು ಬೆರಳು ಪಕ್ಕಕ್ಕೆ ಸರಿಸಿದೆವು. 2013ರಿಂದ ಹೀಲಿಯಂ ತುಂಬಿ ಪೂರ್ತಿ ಬೆಸುಗೆ ಹಾಕಿದ ದೊಡ್ಡ ಡಿಸ್ಕುಗಳು ಬಂದಿವೆ, ಅವಕ್ಕೆ ಈ ತೂತು ಇಲ್ಲ. ಪ್ಲಾಸ್ಟರ್ ಎಲ್ಲಿ ಬೇಕಾದರೂ ಅಂಟಿಸಬಹುದು.